ಸರ್ಕಾರಿ ಕರಾರಿನಿಂದ ಹುಟ್ಟಿದ ಬೌದ್ಧಿಕ ಸ್ವತ್ತು: ಒಡೆತನದ ವಿಚಾರ

ಸರ್ಕಾರವು ಒಬ್ಬ ಗುತ್ತಿಗೆದಾರನಿಗೆ ಹಣ ಕೊಟ್ಟು ಹೊಳೆಗೆ ಸೇತುವೆ ಕಟ್ಟಿಸಿದರೆ ಆ ಸೇತುವೆ ಯಾರದೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿರುವುದಿಲ್ಲ. ಕಲ್ಲು, ಕಬ್ಬಿಣ, ಕೂಲಿ ಎಲ್ಲಕ್ಕೂ ಬೊಕ್ಕಸದಿಂದ ಹಣ ಸಂದಿರುತ್ತದೆ. ಕೆಲಸ ಮುಗಿದ ಮೇಲೆ ಗುತ್ತಿಗೆದಾರನು ತನಗೆ ಬರಬೇಕಾದ ಲಾಭವನ್ನು ಪಡೆದು ಹೋಗುತ್ತಾನೆ, ಸೇತುವೆ ಪ್ರಜೆಗಳಿಗೆ ಉಳಿಯುತ್ತದೆ. ಆದರೆ ಅದೇ ಕೆಲಸದ ನಡುವೆ ಅವನು ಗಾರೆಯನ್ನು ಬೇಗ ಗಟ್ಟಿಗೊಳಿಸುವ ಹೊಸ ವಿಧಾನವೊಂದನ್ನು ಕಂಡುಹಿಡಿದನೆಂದು ಭಾವಿಸೋಣ. ಆ ವಿಧಾನವು ಯಾರ ಸ್ವತ್ತು? ಹಣ ಕೊಟ್ಟ ಸರ್ಕಾರದ್ದೋ, ಬುದ್ಧಿಯನ್ನು ವ್ಯಯಿಸಿದ ಗುತ್ತಿಗೆದಾರನದೋ, ಅವನ ಕೈಕೆಳಗೆ ದುಡಿಯುತ್ತಿದ್ದ ಎಂಜಿನಿಯರನದೋ? ಸೇತುವೆಯ ವಿಷಯದಲ್ಲಿ ಅಷ್ಟು ಸುಲಭವಾಗಿದ್ದ ಉತ್ತರ ಇಲ್ಲಿ ದೊರೆಯುವುದಿಲ್ಲ.

ಈ ಪ್ರಶ್ನೆ ಕೇವಲ ನ್ಯಾಯವಾದಿಗಳ ಚರ್ಚೆಗೆ ಸೇರಿದುದಲ್ಲ. ಔಷಧ, ಲಸಿಕೆ, ಬಿತ್ತನೆಯ ಬೀಜ, ಗಣಕಯಂತ್ರದ ಕ್ರಮವಿಧಿ, ರಕ್ಷಣಾ ಸಾಮಗ್ರಿ ಮುಂತಾದವುಗಳ ಸಂಶೋಧನೆಗೆ ಇಂದು ಎಲ್ಲ ದೇಶಗಳಲ್ಲಿಯೂ ತೆರಿಗೆಯ ಹಣ ಅಪಾರವಾಗಿ ಹರಿಯುತ್ತಿದೆ. ಫಲ ಬಂದಾಗ ಅದನ್ನು ಯಾರು ಬಳಸಬಹುದು, ಯಾವ ಬೆಲೆಗೆ ಮಾರಬಹುದು, ಯಾರನ್ನು ತಡೆಯಬಹುದು ಎಂಬುದೆಲ್ಲ ಈ ಒಡೆತನವನ್ನೇ ಅವಲಂಬಿಸಿದೆ. ವಿಶ್ವವಿದ್ಯಾನಿಲಯಗಳ ಸಂಶೋಧಕರೂ ಈಗ ಸರ್ಕಾರಿ ಯೋಜನೆಗಳ ಕರಾರುಗಳಿಗೆ ಮೇಲಿಂದ ಮೇಲೆ ಸಹಿ ಹಾಕುತ್ತಿರುವುದರಿಂದ, ವಿಷಯದ ಮೂಲತತ್ತ್ವಗಳನ್ನು ಸಂಗ್ರಹವಾಗಿ ವಿವರಿಸುವುದು ಉಪಯುಕ್ತವೆಂದು ತೋರುತ್ತದೆ.

೧. ಒಡೆತನವೆಂದರೇನು?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬೌದ್ಧಿಕ ಸ್ವತ್ತಿನ ಒಡೆತನವೆಂಬುದು ಒಂದೇ ಹಕ್ಕಲ್ಲ, ಅನೇಕ ಹಕ್ಕುಗಳ ಕಟ್ಟು. ತಾನು ಬಳಸುವ ಹಕ್ಕು, ಇತರರು ಬಳಸದಂತೆ ತಡೆಯುವ ಹಕ್ಕು, ಪರವಾನಗಿ ಕೊಡುವ ಹಕ್ಕು, ಪರಭಾರೆ ಮಾಡುವ ಹಕ್ಕು ಇವೆಲ್ಲ ಅದರಲ್ಲಿ ಸೇರಿವೆ. ಹೊಲವೊಂದನ್ನು ಇಬ್ಬರು ಏಕಕಾಲಕ್ಕೆ ಉಳಲಾರರು. ಆದರೆ ಒಂದು ವಿಧಾನವನ್ನು ನೂರು ಕಾರ್ಖಾನೆಗಳು ಏಕಕಾಲಕ್ಕೆ ಬಳಸಿದರೂ ಅದು ಸವೆಯುವುದಿಲ್ಲ. ಆದುದರಿಂದಲೇ ಈ ಕಟ್ಟನ್ನು ಬಿಚ್ಚಿ ಹಂಚುವುದು ಸಾಧ್ಯ. ಸ್ವಾಮ್ಯವನ್ನು ಸಂಶೋಧಕ ಸಂಸ್ಥೆಗೆ ಬಿಟ್ಟು, ಬಳಸುವ ಹಕ್ಕನ್ನು ಮಾತ್ರ ಸರ್ಕಾರ ಇಟ್ಟುಕೊಳ್ಳಬಹುದು. ಸ್ವಾಮ್ಯವನ್ನು ತಾನೇ ಪಡೆದು ಪರವಾನಗಿಗಳನ್ನು ಹಂಚಲೂಬಹುದು.

ಕರಾರಿನಲ್ಲಿ ಏನೂ ಹೇಳದೆ ಬಿಟ್ಟರೆ ಏನಾಗುತ್ತದೆ? ನಮ್ಮ ದೇಶದ ಕಾಯಿದೆಗಳು ಈ ಮೌನಕ್ಕೆ ಎರಡು ಬೇರೆ ಬೇರೆ ಅರ್ಥಗಳನ್ನು ಕಲ್ಪಿಸುತ್ತವೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಸರ್ಕಾರದ ನಿರ್ದೇಶನ ಅಥವಾ ನಿಯಂತ್ರಣಕ್ಕೊಳಪಟ್ಟು ರಚಿತವಾದ ಕೃತಿಗೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ಸರ್ಕಾರವೇ ಮೊದಲ ಒಡೆಯ. ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ ಆ ಸ್ವಾಮ್ಯವು ನಡೆಯುತ್ತದೆ. 1970ರ ಪೇಟೆಂಟು ಕಾಯಿದೆಯ ಮಾರ್ಗವೇ ಬೇರೆ. ಅದರ 6ನೆಯ ಪ್ರಕರಣದಂತೆ ಅರ್ಜಿ ಸಲ್ಲಿಸುವ ಹಕ್ಕು ನಿಜವಾದ ಪ್ರಥಮ ಉಪಜ್ಞೆಗಾರನಿಗೆ ಅಥವಾ ಅವನಿಂದ ಹಕ್ಕನ್ನು ಪಡೆದವನಿಗೆ ಸೇರಿದುದು. ಹಣ ಕೊಟ್ಟವನೆಂಬ ಕಾರಣದಿಂದಲೇ ಸರ್ಕಾರಕ್ಕೆ ಸ್ವಾಮ್ಯ ಬರುವುದೆಂದು ಆ ಕಾಯಿದೆ ಎಲ್ಲಿಯೂ ಹೇಳುವುದಿಲ್ಲ. ಹೀಗಾಗಿ ಒಂದೇ ಯೋಜನೆಯಿಂದ ಒಂದು ವರದಿಯೂ ಒಂದು ಯಂತ್ರವೂ ಹೊರಬಂದು, ಕರಾರು ಮೌನವಾಗಿದ್ದರೆ, ವರದಿಯು ಸರ್ಕಾರದ ಕಡೆಗೂ ಯಂತ್ರವು ಉಪಜ್ಞೆಗಾರನ ಕಡೆಗೂ ವಾಲುತ್ತವೆ.

ಇದೇ ವಿಷಯದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ನಿಯಮವನ್ನು ಹೋಲಿಸಿ ನೋಡುವುದು ಸ್ವಾರಸ್ಯಕರವಾಗಿದೆ. ಅಲ್ಲಿ ಕೇಂದ್ರ ಸರ್ಕಾರದ ಅಧಿಕಾರಿಗಳು ತಮ್ಮ ಕರ್ತವ್ಯದ ಅಂಗವಾಗಿ ರಚಿಸಿದ ಕೃತಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವೇ ಇಲ್ಲ. ಯಾರು ಬೇಕಾದರೂ ಅದನ್ನು ಮುದ್ರಿಸಬಹುದು. ಆದರೆ ಗುತ್ತಿಗೆದಾರನು ಸರ್ಕಾರಕ್ಕಾಗಿ ರಚಿಸಿದ ಕೃತಿಯಲ್ಲಿ ಕೃತಿಸ್ವಾಮ್ಯ ಇರಬಹುದು. ಕೆಲಸವನ್ನು ಒಳಗಿನವರಿಂದ ಮಾಡಿಸಿದರೆ ಒಂದು ಫಲ, ಹೊರಗಿನವರಿಂದ ಮಾಡಿಸಿದರೆ ಇನ್ನೊಂದು ಫಲ.

೨. ಅಮೆರಿಕದ ಎರಡು ನೀತಿಗಳು

ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ ಚರ್ಚಿಸಿದ ದೇಶಗಳಲ್ಲಿ ಅಮೆರಿಕವು ಮುಖ್ಯವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸರ್ಕಾರವು ವಿಶ್ವವಿದ್ಯಾನಿಲಯಗಳಿಗೂ ಖಾಸಗಿ ಕಂಪನಿಗಳಿಗೂ ಸಂಶೋಧನೆಯ ಗುತ್ತಿಗೆಗಳನ್ನು ಹಿಂದೆಂದೂ ಇಲ್ಲದ ಪ್ರಮಾಣದಲ್ಲಿ ಕೊಟ್ಟಿತು. ಯುದ್ಧ ಮುಗಿದಾಗ ಎರಡು ಪಕ್ಷಗಳು ಎದುರುಬದುರಾದವು. ಪ್ರಜೆಗಳ ಹಣದಿಂದ ಹುಟ್ಟಿದುದು ಪ್ರಜೆಗಳಿಗೇ ಸೇರಬೇಕು, ಇಲ್ಲವಾದರೆ ಒಂದೇ ವಸ್ತುವಿಗೆ ಅವರು ಎರಡು ಬಾರಿ ಬೆಲೆ ತೆತ್ತಂತಾಗುತ್ತದೆಂಬುದು ಒಂದು ಪಕ್ಷ. ಎಲ್ಲರಿಗೂ ಸೇರಿದ ಸ್ವತ್ತನ್ನು ಬೆಳೆಸಲು ಯಾರೂ ಬಂಡವಾಳ ಹೂಡುವುದಿಲ್ಲ, ಆದುದರಿಂದ ಸ್ವಾಮ್ಯವು ಗುತ್ತಿಗೆದಾರನಲ್ಲಿರಬೇಕೆಂಬುದು ಇನ್ನೊಂದು ಪಕ್ಷ. 1947ರಲ್ಲಿ ಅಟಾರ್ನಿ ಜನರಲ್ ಅವರ ವರದಿಯು ಮೊದಲನೆಯ ಪಕ್ಷವನ್ನು ಸಮರ್ಥಿಸಿತು. ಆದರೂ ಆಚರಣೆಯಲ್ಲಿ ಐಕ್ಯವಿರಲಿಲ್ಲ. ಪರಮಾಣು ಶಕ್ತಿಯ ಕ್ಷೇತ್ರದಲ್ಲಿಯೂ, 1958ರ ಕಾಯಿದೆಯಂತೆ ಅಂತರಿಕ್ಷ ಸಂಶೋಧನೆಯಲ್ಲಿಯೂ ಸ್ವಾಮ್ಯವು ಸರ್ಕಾರಕ್ಕೆ ಬರುತ್ತಿತ್ತು. ರಕ್ಷಣಾ ಇಲಾಖೆ ಮಾತ್ರ ಬಹುಮಟ್ಟಿಗೆ ಪರವಾನಗಿಯಿಂದಲೇ ತೃಪ್ತಿಪಟ್ಟು ಸ್ವಾಮ್ಯವನ್ನು ಗುತ್ತಿಗೆದಾರರಿಗೆ ಬಿಡುತ್ತಿತ್ತು. 1963ರಲ್ಲಿ ಅಧ್ಯಕ್ಷ ಕೆನೆಡಿಯವರು ಹೊರಡಿಸಿದ ನಿರ್ದೇಶನವು, ಕೆಲಸದ ಸ್ವರೂಪವನ್ನು ನೋಡಿ ಸ್ವಾಮ್ಯವನ್ನು ನಿರ್ಣಯಿಸಬೇಕೆಂಬ ಮಧ್ಯಮ ಮಾರ್ಗವನ್ನು ಹಿಡಿಯಿತು. ಇಷ್ಟಾದರೂ 1970ರ ದಶಕದ ಕೊನೆಯ ವೇಳೆಗೆ ಇಪ್ಪತ್ತಕ್ಕೂ ಹೆಚ್ಚು ಭಿನ್ನ ನೀತಿಗಳು ಬೇರೆ ಬೇರೆ ಇಲಾಖೆಗಳಲ್ಲಿ ನಡೆಯುತ್ತಿದ್ದವು.

ಆಗ ಚರ್ಚೆಯಲ್ಲಿ ಒಂದು ಅಂಕಿ ಪ್ರಸಿದ್ಧವಾಯಿತು. ಸರ್ಕಾರದ ಕೈಯಲ್ಲಿ ಸುಮಾರು 28,000 ಪೇಟೆಂಟುಗಳಿದ್ದು ಅವುಗಳಲ್ಲಿ ಶೇಕಡ 5ಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಪರವಾನಗಿ ನೀಡಲಾಗಿತ್ತು. ಸರ್ಕಾರವು ಒಡೆಯನಾದರೆ ಜ್ಞಾನವು ಕಪಾಟಿನಲ್ಲಿ ಧೂಳು ಹಿಡಿಯುತ್ತದೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ತೋರಿಸಿದರು. ಆದರೆ ಈ ಸಾಕ್ಷ್ಯವನ್ನು ಎಚ್ಚರದಿಂದ ಸ್ವೀಕರಿಸಬೇಕು. ಅವುಗಳಲ್ಲಿ ದೊಡ್ಡದೊಂದು ಭಾಗ ರಕ್ಷಣಾ ಗುತ್ತಿಗೆಗಳಿಂದ ಬಂದುದು. ಗುತ್ತಿಗೆದಾರರು ತಮಗೆ ಬೇಡವೆಂದು ಬಿಟ್ಟುಕೊಟ್ಟ ಮೇಲೆಯೇ ಅವು ಸರ್ಕಾರಕ್ಕೆ ಸೇರಿದ್ದವು ಎಂದು ವಿಮರ್ಶಕರು ಮುಂದೆ ತೋರಿಸಿಕೊಟ್ಟರು. ಆರಿಸಿ ಉಳಿದ ಕಾಳನ್ನು ಕಣಜಕ್ಕೆ ಹಾಕಿ, ಕಣಜದ ದೋಷದಿಂದ ಕಾಳು ಕೆಟ್ಟಿತೆಂದು ಹೇಳುವುದು ಸರಿಯಲ್ಲ.

1980ರ ಡಿಸೆಂಬರ್ 12ರಂದು ಅಂಗೀಕೃತವಾದ ಬೈ–ಡೋಲ್ ಕಾಯಿದೆ ಈ ಗೊಂದಲಕ್ಕೆ ಒಂದು ವ್ಯವಸ್ಥೆಯನ್ನು ತಂದಿತು. ಸರ್ಕಾರದ ಹಣದಿಂದ ನಡೆದ ಸಂಶೋಧನೆಯಲ್ಲಿ ಹುಟ್ಟಿದ ಉಪಜ್ಞೆಯ ಸ್ವಾಮ್ಯವನ್ನು ವಿಶ್ವವಿದ್ಯಾನಿಲಯಗಳೂ, ಲಾಭೋದ್ದೇಶವಿಲ್ಲದ ಸಂಸ್ಥೆಗಳೂ, ಸಣ್ಣ ಉದ್ಯಮಗಳೂ ತಾವೇ ಇಟ್ಟುಕೊಳ್ಳಬಹುದೆಂದು ಅದು ವಿಧಿಸಿತು. 1983ರಲ್ಲಿ ಅಧ್ಯಕ್ಷರ ನಿರ್ದೇಶನದಿಂದ ದೊಡ್ಡ ಕಂಪನಿಗಳಿಗೂ ಈ ನೀತಿ ವಿಸ್ತರಿಸಿತು. ಇದಕ್ಕೆ ಪ್ರತಿಯಾಗಿ ಸಂಸ್ಥೆಗಳು ಕೆಲವು ಹೊಣೆಗಳನ್ನು ಹೊರಬೇಕು. ಉಪಜ್ಞೆಯನ್ನು ಸರ್ಕಾರಕ್ಕೆ ಕಾಲಮಿತಿಯೊಳಗೆ ತಿಳಿಸಬೇಕು; ಸ್ವಾಮ್ಯ ಬೇಕೆ ಬೇಡವೆ ಎಂಬುದನ್ನು ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ನಿರ್ಧರಿಸಬೇಕು; ವಿಶ್ವವಿದ್ಯಾನಿಲಯಗಳು ಬಂದ ರಾಯಧನದಲ್ಲಿ ಉಪಜ್ಞೆಗಾರನಿಗೆ ಪಾಲು ಕೊಡಬೇಕು. ಸರ್ಕಾರಕ್ಕೆ ಶುಲ್ಕವಿಲ್ಲದೆ ಬಳಸುವ, ರದ್ದುಪಡಿಸಲಾಗದ ಪರವಾನಗಿ ಇದ್ದೇ ಇರುತ್ತದೆ.

ಹೊಸ ಕಾಯಿದೆಯಿಂದಲೇ ವಿಶ್ವವಿದ್ಯಾನಿಲಯಗಳ ಸಂಶೋಧನೆಗೆ ಬೆಲೆ ಬಂದಿತೆಂದು ಭಾವಿಸುವುದು ಸರಿಯಲ್ಲವೆಂಬುದಕ್ಕೆ ಒಂದು ನಿದರ್ಶನವಿದೆ. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳಲ್ಲಿದ್ದ ಕೋಹೆನ್ ಮತ್ತು ಬಾಯರ್ ಅವರು ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ವಿಧಾನವನ್ನು ಸಾರ್ವಜನಿಕ ಧನಸಹಾಯದಿಂದ ರೂಪಿಸಿದರು. ಪೇಟೆಂಟಿಗೆ ಅರ್ಜಿ ಹೋದುದು 1974ರಲ್ಲಿ, ಎಂದರೆ ಬೈ–ಡೋಲ್ ಕಾಯಿದೆಗೆ ಆರು ವರ್ಷ ಮೊದಲು. ಆ ಸಂಸ್ಥೆಗಳು ಯಾರೊಬ್ಬರಿಗೂ ಏಕಸ್ವಾಮ್ಯ ಕೊಡದೆ, ಕೇಳಿದ ಕಂಪನಿಗಳಿಗೆಲ್ಲ ಮಿತವಾದ ಶುಲ್ಕಕ್ಕೆ ಪರವಾನಗಿ ನೀಡಿದವು. 1997ರಲ್ಲಿ ಅವಧಿ ಮುಗಿಯುವ ವೇಳೆಗೆ ನಾಲ್ಕು ನೂರಕ್ಕೂ ಮಿಕ್ಕ ಕಂಪನಿಗಳು ಪರವಾನಗಿ ಪಡೆದಿದ್ದವು. ಬಂದ ಆದಾಯ ಸುಮಾರು 25 ಕೋಟಿ ಡಾಲರುಗಳನ್ನು ಮೀರಿತು. ಒಬ್ಬನಿಗೇ ಕೊಟ್ಟರೆ ಮಾತ್ರ ಉದ್ಯಮ ಬೆಳೆಯುತ್ತದೆಂಬ ವಾದವು ಎಲ್ಲ ಸಂದರ್ಭಗಳಿಗೂ ಅನ್ವಯಿಸುವುದಿಲ್ಲವೆಂದು ಇದರಿಂದ ತಿಳಿಯುತ್ತದೆ.

೩. ಎರಡು ಪದಗಳ ಅಂತರ

ಬೈ–ಡೋಲ್ ಕಾಯಿದೆಯೇ ವಿಶ್ವವಿದ್ಯಾನಿಲಯಕ್ಕೆ ಸ್ವಾಮ್ಯವನ್ನು ತಂದುಕೊಡುತ್ತದೆಂದು ಅನೇಕರು ನಂಬಿದ್ದರು. 2011ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಮತ್ತು ರೋಶ್ ಕಂಪನಿಗಳ ನಡುವಣ ವ್ಯಾಜ್ಯದಲ್ಲಿ ಈ ನಂಬಿಕೆಯನ್ನು ತಳ್ಳಿಹಾಕಿತು. ಸಂಗತಿ ಹೀಗಿದೆ: ಸ್ಟ್ಯಾನ್‌ಫರ್ಡಿನ ಸಂಶೋಧಕನೊಬ್ಬನು ಕೆಲಸಕ್ಕೆ ಸೇರುವಾಗ, ತನ್ನ ಉಪಜ್ಞೆಗಳ ಹಕ್ಕನ್ನು ವಿಶ್ವವಿದ್ಯಾನಿಲಯಕ್ಕೆ ‘ವಹಿಸಿಕೊಡಲು ಒಪ್ಪುತ್ತೇನೆ’ ಎಂಬ ಅರ್ಥದ ಕರಾರಿಗೆ ಸಹಿ ಮಾಡಿದ್ದನು. ಬಳಿಕ ಒಂದು ತಂತ್ರವನ್ನು ಕಲಿಯಲೆಂದು ಸೀಟಸ್ ಎಂಬ ಖಾಸಗಿ ಕಂಪನಿಗೆ ಹೋದಾಗ, ಅಲ್ಲಿಯ ಕೆಲಸದಿಂದ ಬರುವ ಹಕ್ಕನ್ನು ಆ ಕಂಪನಿಗೆ ‘ಈ ಮೂಲಕ ವಹಿಸಿಕೊಡುತ್ತೇನೆ’ ಎಂಬರ್ಥದ ಮತ್ತೊಂದು ಪತ್ರಕ್ಕೆ ಸಹಿ ಮಾಡಿದನು. ರಕ್ತದಲ್ಲಿರುವ ಎಚ್‌ಐವಿ ರೋಗಾಣುವಿನ ಪ್ರಮಾಣವನ್ನು ಅಳೆಯುವ ವಿಧಾನವು ಮುಂದೆ ಸಿದ್ಧವಾಯಿತು. ಸೀಟಸಿನ ಆ ವಿಭಾಗವನ್ನು ಕೊಂಡ ರೋಶ್ ಕಂಪನಿಯು ಅದರ ಮೇಲೆ ತನ್ನ ಹಕ್ಕನ್ನು ಸಾಧಿಸಿತು.

ಮೊದಲನೆಯ ಪತ್ರವು ಮುಂದೆ ಕೊಡುವೆನೆಂಬ ವಾಗ್ದಾನ. ಎರಡನೆಯದು ಆ ಕ್ಷಣದಲ್ಲಿಯೇ ಆದ ದಾನ. ಮೇಲ್ಮನವಿಯ ನ್ಯಾಯಾಲಯವು ಈ ಅಂತರವನ್ನು ಹಿಡಿದೇ ತೀರ್ಪಿತ್ತಿತು. ಉಪಜ್ಞೆಯ ಹಕ್ಕು ಮೊದಲು ಉಪಜ್ಞೆಗಾರನಲ್ಲಿಯೇ ನೆಲೆಸುತ್ತದೆ, ಸರ್ಕಾರದ ಹಣ ಸಂದಿತೆಂಬ ಮಾತ್ರಕ್ಕೆ ಅದು ತಾನಾಗಿ ಸಂಸ್ಥೆಗೆ ಹರಿದುಹೋಗುವುದಿಲ್ಲವೆಂದು ಪರಮೋಚ್ಚ ನ್ಯಾಯಾಲಯವು 7 ಮತ್ತು 2ರ ಬಹುಮತದಿಂದ ನಿರ್ಣಯಿಸಿತು. ಸಾರ್ವಜನಿಕ ಹಣದಿಂದ ನಡೆದ ಕೆಲಸದ ಫಲವು ಯಾರ ಪಾಲಾಗುವುದೆಂಬುದು ಒಂದು ಕ್ರಿಯಾಪದದ ರೂಪವನ್ನು ಅವಲಂಬಿಸಿತ್ತೆಂಬುದು ಕರಾರು ಬರೆಯುವವರೆಲ್ಲರೂ ಮನಗಾಣತಕ್ಕ ಸಂಗತಿ.

೪. ಉಳಿಸಿಕೊಂಡ ಹಕ್ಕು, ಬಳಸದ ಹಕ್ಕು

ಬೈ–ಡೋಲ್ ಕಾಯಿದೆಯಲ್ಲಿ ಪ್ರಜೆಗಳ ಹಿತರಕ್ಷಣೆಗಾಗಿ ಒಂದು ವಿಶೇಷ ಅಧಿಕಾರವನ್ನು ಇಡಲಾಗಿದೆ. ಸ್ವಾಮ್ಯ ಪಡೆದವರು ಉಪಜ್ಞೆಯನ್ನು ಉಪಯೋಗಕ್ಕೆ ತರಲು ತಕ್ಕ ಕ್ರಮ ಕೈಕೊಳ್ಳದಿದ್ದರೆ, ಅಥವಾ ಜನರ ಆರೋಗ್ಯ ಮತ್ತು ಸುರಕ್ಷತೆಯ ಅಗತ್ಯಗಳು ಪೂರೈಕೆಯಾಗದಿದ್ದರೆ, ಸರ್ಕಾರವು ನಡುವೆ ಪ್ರವೇಶಿಸಿ ಇತರರಿಗೆ ಪರವಾನಗಿ ಕೊಡಿಸಬಹುದು. ಓದುವುದಕ್ಕೆ ಇದು ಬಲವಾದ ಅಸ್ತ್ರ. ಆದರೆ ಆಚರಣೆಯಲ್ಲಿ ನಡೆದುದೇನು?

2003ರ ಡಿಸೆಂಬರಿನಲ್ಲಿ ಅಬಟ್ ಕಂಪನಿಯು ನಾರ್ವಿರ್ ಎಂಬ ಏಡ್ಸ್ ಔಷಧದ ಬೆಲೆಯನ್ನು ಅಮೆರಿಕದಲ್ಲಿ ಒಮ್ಮೆಲೇ ಸುಮಾರು ಐದು ಪಟ್ಟಿಗೆ ಏರಿಸಿತು. ಆ ಔಷಧದ ಸಂಶೋಧನೆಯಲ್ಲಿ ಸರ್ಕಾರದ ಅನುದಾನವೂ ಸೇರಿತ್ತು. ಸರ್ಕಾರ ಮಧ್ಯೆ ಪ್ರವೇಶಿಸಬೇಕೆಂದು ಮನವಿ ಸಲ್ಲಿಸಿದಾಗ, ಔಷಧವು ರೋಗಿಗಳಿಗೆ ದೊರೆಯುತ್ತಿರುವುದರಿಂದಲೂ, ಬೆಲೆಯ ಪ್ರಶ್ನೆಯನ್ನು ಈ ಅಧಿಕಾರದಿಂದ ಪರಿಹರಿಸುವುದು ಉಚಿತವಲ್ಲದ್ದರಿಂದಲೂ ಪ್ರವೇಶಕ್ಕೆ ಕಾರಣವಿಲ್ಲವೆಂದು ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2004ರಲ್ಲಿ ಉತ್ತರವಿತ್ತಿತು. 1997ರಲ್ಲಿ ಬಂದ ಬೇರೊಂದು ಮನವಿಯೂ ನಿರಾಕೃತವಾಗಿತ್ತು. ಎಕ್ಸ್‌ಟ್ಯಾಂಡಿ ಎಂಬ ಅರ್ಬುದ ಔಷಧದ ವಿಷಯದ ಮನವಿಯೂ 2023ರಲ್ಲಿ ಹಾಗೆಯೇ ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಬೆಲೆಯನ್ನೂ ಪರಿಗಣಿಸಬಹುದೆಂಬ ಅಭಿಪ್ರಾಯದ ಕರಡು ಮಾರ್ಗದರ್ಶಿಯೊಂದನ್ನು ಸರ್ಕಾರವು ಪ್ರಕಟಿಸಿತು. ಆದರೆ ಕಾಯಿದೆ ಹುಟ್ಟಿದ 1980ರಿಂದ ಅಲ್ಲಿಯವರೆಗಿನ 43 ವರ್ಷಗಳಲ್ಲಿ ಈ ಅಧಿಕಾರವನ್ನು ಒಮ್ಮೆಯೂ ಚಲಾಯಿಸಿರಲಿಲ್ಲ. ಯಾವ ಸಂದರ್ಭದಲ್ಲಿ ಚಲಾಯಿಸಬೇಕೆಂಬುದನ್ನು ಖಚಿತವಾಗಿ ನಿರೂಪಿಸದ ಅಧಿಕಾರವು ಒರೆಯಿಂದ ಹೊರಬಾರದ ಕತ್ತಿಯಂತೆ ಉಳಿಯುತ್ತದೆ.

೫. ಭಾರತದ ಅನುಭವ

ನಮ್ಮ ದೇಶದಲ್ಲಿ ಸ್ವಾತಂತ್ರ್ಯಾನಂತರ ಸಂಶೋಧನೆಯ ಬಹುಭಾಗವು ಸರ್ಕಾರದ ಪ್ರಯೋಗಾಲಯಗಳಲ್ಲಿಯೇ ನಡೆಯಿತು. ಆದುದರಿಂದ ಒಡೆತನಕ್ಕಿಂತ, ಪ್ರಯೋಗಾಲಯದ ಫಲವನ್ನು ಕಾರ್ಖಾನೆಗೆ ದಾಟಿಸುವುದು ಹೇಗೆಂಬ ಚಿಂತೆಯೇ ಹೆಚ್ಚಾಗಿತ್ತು. ಈ ಕಾರ್ಯಕ್ಕಾಗಿ 1953ರಲ್ಲಿ ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ಇದರ ಕೆಲಸಕ್ಕೆ ಅತ್ಯುತ್ತಮ ಉದಾಹರಣೆ ಮೈಸೂರಿನಲ್ಲಿಯೇ ಇದೆ. ಚುನಾವಣೆಯಲ್ಲಿ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ರೂಪಿಸಿತು. ನಿಗಮದ ಮೂಲಕ ಅದರ ತಯಾರಿಕೆಯ ಪರವಾನಗಿಯು ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಗೆ ದೊರೆಯಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾಗಿ, ಇಂದು ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಿಂದ ರಾಜ್ಯ ಸರ್ಕಾರದ ಉದ್ಯಮವಾಗಿರುವ ಈ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಮೊದಲುಗೊಂಡು ಶಾಯಿಯನ್ನು ಒದಗಿಸುತ್ತ ಬಂದಿದೆ, ಹೊರದೇಶಗಳಿಗೂ ಕಳುಹಿಸುತ್ತಿದೆ.

ಈ ಶಾಯಿಯ ಪಾಕವನ್ನು ಗೋಪ್ಯವಾಗಿ ಇಡಲಾಗಿದೆಯೆಂಬುದು ಗಮನಾರ್ಹ. ಪೇಟೆಂಟು ಪಡೆದವನು ತನ್ನ ವಿಧಾನವನ್ನು ಲೋಕಕ್ಕೆ ತೆರೆದು ತೋರಿಸಬೇಕು. ಇಂದಿನ ಕಾಯಿದೆಯಂತೆ 20 ವರ್ಷಗಳಾದ ಮೇಲೆ ಅದು ಎಲ್ಲರ ಸೊತ್ತಾಗುತ್ತದೆ. ಗೋಪ್ಯಜ್ಞಾನಕ್ಕೆ ಅಂತಹ ಅವಧಿಯಿಲ್ಲ. ಆದುದರಿಂದ ಸರ್ಕಾರಿ ಕರಾರು ಪೇಟೆಂಟನ್ನು ಮಾತ್ರ ಹೆಸರಿಸಿ, ಕೈಚಳಕ, ಅಳತೆ, ನಕ್ಷೆ, ದತ್ತಾಂಶಗಳನ್ನು ಹೆಸರಿಸದೆ ಬಿಟ್ಟರೆ, ಬೀಗವನ್ನು ಕೊಂಡು ಬೀಗದ ಕೈಯನ್ನು ಮಾರುವವನಲ್ಲಿಯೇ ಬಿಟ್ಟುಬಂದಂತೆ ಆಗುತ್ತದೆ. ಗಣಕಯಂತ್ರದ ಕ್ರಮವಿಧಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮೂಲ ಸಂಕೇತಲಿಪಿ ಇಲಾಖೆಯ ಕೈಯಲ್ಲಿ ಇಲ್ಲದಿದ್ದರೆ, ಸಣ್ಣದೊಂದು ತಿದ್ದುಪಡಿಗೂ ಅದೇ ಕಂಪನಿಯ ಬಾಗಿಲಿಗೆ ಹೋಗಿ ಅದು ಹೇಳಿದ ಬೆಲೆಯನ್ನು ತೆರಬೇಕಾಗುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯ ನಿಯಮಗಳು ಇದಕ್ಕಾಗಿ ಹಣದ ಮೂಲವನ್ನೇ ಅಳತೆಗೋಲಾಗಿ ಮಾಡಿಕೊಂಡಿವೆ: ಪೂರ್ಣವಾಗಿ ಸರ್ಕಾರದ ಖರ್ಚಿನಿಂದ ಆದುದಕ್ಕೆ ಸರ್ಕಾರಕ್ಕೆ ಅನಿರ್ಬಂಧಿತ ಹಕ್ಕು, ಉಭಯರ ಖರ್ಚಿನಿಂದ ಆದುದಕ್ಕೆ ಸಾಮಾನ್ಯವಾಗಿ ಐದು ವರ್ಷ ಸರ್ಕಾರದ ಕೆಲಸಗಳಿಗೆ ಸೀಮಿತವಾದ ಹಕ್ಕು, ಆಮೇಲೆ ಅನಿರ್ಬಂಧಿತ ಹಕ್ಕು, ಖಾಸಗಿ ಖರ್ಚಿನದಕ್ಕೆ ಮಿತವಾದ ಹಕ್ಕು.

ಹೊರಗಿನ ಸಂಸ್ಥೆಗಳಿಗೆ ಸರ್ಕಾರ ಕೊಡುವ ಅನುದಾನಗಳ ವಿಷಯದಲ್ಲಿ 2000ದ ಮಾರ್ಚಿನಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯವು ಸೂಚನೆಗಳನ್ನು ಹೊರಡಿಸಿತು. ಅವುಗಳಂತೆ ಸ್ವಾಮ್ಯವು ಸಂಶೋಧನೆ ನಡೆಸಿದ ಸಂಸ್ಥೆಗೆ ಇರಬಹುದು. ಸರ್ಕಾರಕ್ಕೆ ತನ್ನ ಕೆಲಸಗಳಿಗಾಗಿ ರಾಯಧನವಿಲ್ಲದ ಪರವಾನಗಿ ಇರುತ್ತದೆ. ಇದಕ್ಕೆ ಶಾಸನದ ಬಲ ಕೊಡುವ ಉದ್ದೇಶದಿಂದ 2008ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಮಸೂದೆಯೊಂದು ಮಂಡಿತವಾಯಿತು. ಬೈ–ಡೋಲ್ ಕಾಯಿದೆಯ ಛಾಯೆ ಅದರಲ್ಲಿ ಸ್ಪಷ್ಟವಾಗಿತ್ತು. ವಿಶ್ವವಿದ್ಯಾನಿಲಯಗಳನ್ನು ಪೇಟೆಂಟಿನ ಕಡೆಗೆ ಬಲವಂತವಾಗಿ ನೂಕುವುದರಿಂದ ಜ್ಞಾನದ ಮುಕ್ತ ವಿನಿಮಯಕ್ಕೆ ಧಕ್ಕೆಯೆಂದು ಅನೇಕರು ಆಕ್ಷೇಪಿಸಿದರು. ಮಸೂದೆಯು ಶಾಸನವಾಗಲಿಲ್ಲ, 2014ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆದುದರಿಂದ ಈ ವಿಷಯದಲ್ಲಿ ಕರಾರಿನ ಮಾತೇ ಬಹುಮಟ್ಟಿಗೆ ಕಾನೂನಾಗಿ ನಡೆಯುತ್ತದೆ.

ಇದರ ಮಹತ್ವ ಕೊರೋನಾ ಮಾರಿಯ ಕಾಲದಲ್ಲಿ ಪ್ರಕಟವಾಯಿತು. ಕೊವ್ಯಾಕ್ಸಿನ್ ಲಸಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಭಾರತ್ ಬಯೋಟೆಕ್ ಕಂಪನಿಯೂ ಜೊತೆಗೂಡಿ ರೂಪಿಸಿದವು. ವೈರಾಣುವನ್ನು ಬೇರ್ಪಡಿಸಿ ಕೊಟ್ಟುದು ಮಂಡಲಿಗೆ ಸೇರಿದ ಪುಣೆಯ ಸಂಸ್ಥೆ. ಬೌದ್ಧಿಕ ಸ್ವತ್ತು ಜಂಟಿಯೆಂದೂ, ನಿವ್ವಳ ಮಾರಾಟದ ಮೇಲೆ ಶೇಕಡ 5 ರಾಯಧನವು ಮಂಡಲಿಗೆ ಸಲ್ಲುವುದೆಂದೂ ಸರ್ಕಾರವು 2021ರಲ್ಲಿ ಸಂಸತ್ತಿಗೆ ತಿಳಿಸಿತು. ಆದರೆ ಪೇಟೆಂಟಿನ ಮೊದಲ ಅರ್ಜಿಗಳಲ್ಲಿ ಮಂಡಲಿಯ ಹೆಸರು ಇರಲಿಲ್ಲವೆಂಬ ಸಂಗತಿ ಮುಂದೆ ಚರ್ಚೆಗೆ ಬಂದಿತು. ಮಂಡಲಿಯನ್ನು ಸಹ ಒಡೆಯನನ್ನಾಗಿ ಸೇರಿಸುವ ಕ್ರಮವನ್ನು ಆರಂಭಿಸಿರುವುದಾಗಿ ಕಂಪನಿಯು 2024ರ ಜೂನ್ ತಿಂಗಳಲ್ಲಿ ತಿಳಿಸಿತು. ಕರಾರಿನಲ್ಲಿ ಹಕ್ಕು ಇದ್ದರೂ ದಾಖಲೆಯಲ್ಲಿ ಅದು ಇದೆಯೇ ಎಂದು ಕಾಲಕಾಲಕ್ಕೆ ನೋಡಿಕೊಳ್ಳದಿದ್ದರೆ ಎಂತಹ ತೊಡಕು ಹುಟ್ಟುವುದೆಂಬುದಕ್ಕೆ ಇದೊಂದು ನಿದರ್ಶನ.

ಕರಾರು ಕೈಬಿಟ್ಟಲ್ಲಿಯೂ ಸರ್ಕಾರ ಪೂರ್ಣವಾಗಿ ನಿರಾಯುಧವಾಗುವುದಿಲ್ಲವೆಂಬುದನ್ನು ಹೇಳಬೇಕು. 1970ರ ಕಾಯಿದೆಯ 100ನೆಯ ಪ್ರಕರಣದಂತೆ ಕೇಂದ್ರ ಸರ್ಕಾರವೂ ಅದರ ಅಧಿಕಾರ ಪಡೆದವರೂ ಯಾವ ಪೇಟೆಂಟನ್ನಾದರೂ ಸರ್ಕಾರದ ಕೆಲಸಗಳಿಗಾಗಿ ಬಳಸಬಹುದು. 102ನೆಯ ಪ್ರಕರಣದಂತೆ ಸ್ವಾಮ್ಯವನ್ನೇ ವಶಪಡಿಸಿಕೊಳ್ಳಬಹುದು. ಆದರೆ ಇದಕ್ಕೆ ಪ್ರತಿಫಲ ಕೊಡಬೇಕಾಗುತ್ತದೆ. ಎಂದರೆ ಕರಾರಿನ ದಿನ ಒಂದು ಸಾಲಿನಲ್ಲಿ ಉಚಿತವಾಗಿ ಪಡೆಯಬಹುದಾಗಿದ್ದ ಹಕ್ಕನ್ನು ಬಳಿಕ ಹಣ ತೆತ್ತು ಪಡೆದಂತೆ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು. ಸ್ವಾಮ್ಯವೆಲ್ಲ ಸರ್ಕಾರದಲ್ಲಿಯೇ ಇರಬೇಕೆಂಬ ನಿಯಮವೂ, ಎಲ್ಲವನ್ನೂ ಗುತ್ತಿಗೆದಾರನಿಗೆ ಬಿಡಬೇಕೆಂಬ ನಿಯಮವೂ ಎಲ್ಲ ಸಂದರ್ಭಗಳಿಗೆ ಹೊಂದುವುದಿಲ್ಲ. ಬಳಕೆಯ ಹೊಣೆ ಹೊರುವವರಿಲ್ಲದೆ ಸರ್ಕಾರದಲ್ಲಿರುವ ಸ್ವಾಮ್ಯ ನಿಷ್ಫಲ. ಪ್ರಜೆಗಳಿಗೆ ಬೇಕಾದ ಹಕ್ಕುಗಳನ್ನು ಉಳಿಸಿಕೊಳ್ಳದೆ ಬಿಟ್ಟುಕೊಟ್ಟ ಸ್ವಾಮ್ಯವು ಅನ್ಯಾಯ. ಸ್ವಾಮ್ಯ ಯಾರ ಹೆಸರಿನಲ್ಲಿದ್ದರೂ, ಶುಲ್ಕವಿಲ್ಲದೆ ಬಳಸುವ ಹಕ್ಕು, ಪೂರೈಕೆ ತಪ್ಪಿದಾಗ ಇತರರಿಂದ ಮಾಡಿಸುವ ಹಕ್ಕು, ನಕ್ಷೆ ಮತ್ತು ಸಂಕೇತಲಿಪಿಗಳನ್ನು ಪಡೆಯುವ ಹಕ್ಕು, ಈ ಮೂರನ್ನೂ ಸರ್ಕಾರವು ಕೈಬಿಡಬಾರದು.

ಯೋಜನೆಗೆ ಸಹಿ ಹಾಕುವ ಸಂಶೋಧಕರು ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹಕ್ಕನ್ನು ಈಗಲೇ ವಹಿಸಿಕೊಡುತ್ತಿದ್ದೇನೆಯೋ, ಮುಂದೆ ಕೊಡುವೆನೆನ್ನುತ್ತಿದ್ದೇನೆಯೋ? ಮೊದಲು ಬೇರೊಂದು ಸಂಸ್ಥೆಗೆ ಇಂತಹ ಮಾತನ್ನು ಕೊಟ್ಟಿದ್ದೇನೆಯೆ? ಕರಾರಿಗೆ ಮುಂಚೆಯೇ ನನ್ನಲ್ಲಿದ್ದ ಜ್ಞಾನವನ್ನೂ ಹೊಸದಾಗಿ ಹುಟ್ಟುವ ಜ್ಞಾನವನ್ನೂ ಬೇರ್ಪಡಿಸಿ ಬರೆದಿದೆಯೆ? ಫಲಿತಾಂಶವನ್ನು ಪ್ರಕಟಿಸಲು ಯಾರ ಅನುಮತಿ ಬೇಕು, ಎಷ್ಟು ಕಾಲ ಕಾಯಬೇಕು? ರಾಯಧನ ಬಂದರೆ ಸಂಸ್ಥೆಗೆಷ್ಟು, ವಿದ್ಯಾರ್ಥಿಗಳೂ ಸೇರಿದಂತೆ ಕೆಲಸ ಮಾಡಿದವರಿಗೆಷ್ಟು? ಈ ಪ್ರಶ್ನೆಗಳಿಗೆ ಉತ್ತರವು ಕರಾರಿನ ಕಾಗದದಲ್ಲಿಯೇ ಇರಬೇಕು. ಫಲ ಕೈಗೆ ಬಂದ ಮೇಲೆ ಒಪ್ಪಂದ ಬರೆಯಲು ಹೊರಟರೆ, ಆಗ ಎದುರಿಗಿರುವವರು ಸಹೋದ್ಯೋಗಿಗಳಾಗಿರುವುದಿಲ್ಲ, ಪ್ರತಿವಾದಿಗಳಾಗಿರುತ್ತಾರೆ.